ಆರು ಗಂಟೆಯ ಆಸ್ಪತ್ರೆ

ಜನವರಿ ೧೧

ಅಕ್ಕಾ,

ಮೊದಲೇ ಹೇಳಿಬಿಡ್ತೀನಿ, ಬೈಬೇಡ. ಅಂಗಡಿಗೆ ಹೊಸ ಕುರ್ಚಿ ತಗೋ ಅಂತ ನೀನು ಕಳಿಸಿದ ದುಡ್ಡಲ್ಲಿ ನಾನು ಟೀವಿ ತಗೊಂಡೆ. ಕುರ್ಚಿ ಇನ್ನೂ ಅದೇ ಹಳೇದು. ಕೂತವರು ಸ್ವಲ್ಪ ಎಡಕ್ಕೆ ವಾಲ್ತಾರೆ, ನಾನೂ ಎಡಕ್ಕೆ ವಾಲಿಕೊಂಡೇ ಕತ್ತರಿ ಆಡಿಸ್ತೀನಿ. ಆದರೆ ಟೀವಿ ಬಂದ ಮೇಲೆ ಅಂಗಡಿಯ ಗತ್ತೇ ಬೇರೆ. ಕನ್ನಡಿಯ ಮೇಲುಗಡೆ ಹಲಗೆ ಹೊಡೆದು ಇಟ್ಟಿದ್ದೀನಿ. ಬಂದವರೆಲ್ಲ ಕತ್ತೆತ್ತಿ ಅದನ್ನೇ ನೋಡ್ತಾ ಕೂರ್ತಾರೆ. ಗಡ್ಡ ಹೆರೆಯೋಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಸಂಜೆ ಆರಕ್ಕೆ ನಿಮ್ಮ ಅಮೆರಿಕದ ಒಂದು ಧಾರಾವಾಹಿ ಬರುತ್ತೆ. ಆಸ್ಪತ್ರೆಯ ಕಥೆ. ಎಲ್ಲರೂ ನಮ್ಮ ಭಾಷೇಲೇ ಮಾತಾಡ್ತಾರೆ, ತುಟಿ ನಿಂತ ಮೇಲೂ ಮಾತು ಬರ್ತಾ ಇರುತ್ತೆ, ಎರಡು ದಿನ ನೋಡಿದರೆ ಅಭ್ಯಾಸ ಆಗಿಹೋಗುತ್ತೆ. ಅದರಲ್ಲೊಬ್ಬ ಡಾಕ್ಟರು ಇದ್ದಾನೆ. ಅವನು ನಡೆದಿದ್ದನ್ನ ನಾವು ಯಾರೂ ನೋಡಿಲ್ಲ, ಬರೀ ಓಡ್ತಾನೆ. ರೋಗಿಯನ್ನ ಗಾಡಿ ಮೇಲೆ ಮಲಗಿಸಿ ತಳ್ಳಿಕೊಂಡು ಬಂದರೆ ಸಾಕು, ಪಕ್ಕದಲ್ಲಿ ಇವನ ಓಟ. ನಾವು ಅವನಿಗೆ 'ಓಡೋ ಡಾಕ್ಟರು' ಅಂತ ಹೆಸರಿಟ್ಟಿದ್ದೀವಿ. ಎಂಥಾ ಗಡಸು ದನಿ ಅಂತೀಯಾ! ಅವನು 'ಹೆದರಬೇಡಿ' ಅಂದರೆ ಕೂತಿರೋ ನಮ್ಮ ಹೆದರಿಕೇನೂ ಹೋಗುತ್ತೆ.

ಅವರ ಮನೆಗಳೋ, ಒಳಗೇ ಮೆಟ್ಟಿಲು, ಅಡುಗೆಮನೆಯಲ್ಲಿ ಹತ್ತು ಜನ ಓಡಾಡಬಹುದು. ನಿನ್ನ ಮನೇಲೂ ಮೆಟ್ಟಿಲಿದೆಯಾ? ಆ ಆಸ್ಪತ್ರೆ ನಿನ್ನ ಕೆಲಸಕ್ಕೆ ಹೋಗೋ ದಾರೀಲಿ ಸಿಗುತ್ತಾ? ಬೇಕರಿಯವನು ಕೇಳು ಅಂದ. ಬೀದೀಲಿ ನನಗೀಗ 'ಅಮೆರಿಕ' ಅಂತಲೇ ಅಡ್ಡಹೆಸರು. 'ಅಮೆರಿಕ, ಮೀಸೆ ಸ್ವಲ್ಪ ಸಣ್ಣ ಮಾಡಪ್ಪ' ಅಂತಾರೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತೆ.

ನಿನ್ನ ತಮ್ಮ


ಫೆಬ್ರವರಿ ೨

ಪ್ರೀತಿಯ ಸಣ್ಣಾ,

ಬೈಯುವುದಿಲ್ಲ. ಕುರ್ಚಿಗೆ ಅಂತ ಮತ್ತೆ ಕಳಿಸುತ್ತೇನೆ, ಈ ಸಲ ಕುರ್ಚಿಯನ್ನೇ ತಗೋ. ದಿನವಿಡೀ ವಾಲಿಕೊಂಡು ನಿಂತರೆ ನಿನ್ನ ಬೆನ್ನು ಏನಾಗಬೇಕು?

ನನ್ನ ಮನೆಗೂ ಮೆಟ್ಟಿಲಿದೆ. ಆದರೆ ಅದು ಕೆಳಕ್ಕೆ ಹೋಗುತ್ತದೆ. ನೆಲದಡಿಯ ಕೋಣೆ. ಒಂದೇ ಕಿಟಕಿ, ಅದೂ ಸೂರಿಗೆ ಅಂಟಿಕೊಂಡ ಹಾಗೆ. ಅದರಲ್ಲಿ ದಾರಿಯಲ್ಲಿ ಹೋಗುವವರ ಪಾದ ಮಾತ್ರ ಕಾಣುತ್ತದೆ. ಇಷ್ಟು ವರ್ಷದಲ್ಲಿ ಎಷ್ಟೋ ಜನರ ಬೂಟಿನ ಗುರುತು ಸಿಕ್ಕಿದೆ, ಮುಖ ಗೊತ್ತಿಲ್ಲ. ಕೋಣೆಯಲ್ಲಿ ನಾನು ಮತ್ತು ನಮ್ಮ ಭಾಷೆಯವಳೇ ಒಬ್ಬ ಹುಡುಗಿ. ನಾವಿಬ್ಬರೂ ಒಂದೇ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇವೆ. ಒಗೆಯುವುದೆಲ್ಲ ಯಂತ್ರ. ನಾವು ಹಾಸಿಗೆ ಬಟ್ಟೆ ಮಡಚುವವರು. ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ; ಹತ್ತಿರ ಬರುವುದು, ದೂರ ಹೋಗುವುದು. ನೋಡುವವರಿಗೆ ಕುಣಿತದ ಹಾಗಿರಬಹುದು. ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನು ಇಲ್ಲಿಗೆ ಕರಕೊಂಡು ಬಂದಿದ್ದ ಆ ಮನೆಯವರು, ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಬಿಡಿಸಿದರಲ್ಲ, ಆವಾಗಿನಿಂದ ಇದೇ ಕೆಲಸ ಎಂದು ನಿನಗೆ ಬರೆದಿದ್ದೆ. ನೀನು ಮರೆತಿರಬೇಕು.

ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಒಳ್ಳೆಯವರು. ಮೊನ್ನೆ ನನ್ನ ಕೈ ಹಿಡಿದುಕೊಂಡು, 'ನಿಮ್ಮ ಊರಿನಲ್ಲಿ ಈಗ ನೀರು ಇಳಿಯಿತಾ?' ಎಂದರು. ಅವರ ಟೀವಿಯಲ್ಲಿ ನಮ್ಮ ಕಡೆ ಯಾವಾಗಲೂ ಪ್ರವಾಹವಂತೆ. ನಮ್ಮ ಬೀದಿಗೆ ನಲ್ಲಿ ನೀರೇ ಸರಿಯಾಗಿ ಬರುವುದಿಲ್ಲ ಎಂದೆ. ಅವರು ನಂಬಲಿಲ್ಲ.

ಆಸ್ಪತ್ರೆ ದಾರಿಯಲ್ಲಿ ಸಿಗುತ್ತದೆ. ಬಸ್ಸಿನಿಂದ ನೋಡಿದ್ದೇನೆ, ಒಳಗೆ ಹೋಗಿಲ್ಲ. ಎಡ ಭುಜ ಸ್ವಲ್ಪ ನೋಯುತ್ತಿದೆ, ಮಡಚಿ ಮಡಚಿ ಇರಬೇಕು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು.

ಅಕ್ಕ


ಫೆಬ್ರವರಿ ೨೫

ಅಕ್ಕಾ,

ನಿನ್ನ ಕಾಗದವನ್ನ ಅಂಗಡೀಲಿ ಗಟ್ಟಿಯಾಗಿ ಓದಿದೆ. ಎಲ್ಲ ಕಾಗದನೂ ಹಾಗೇ ಓದೋದು, ಅಮೆರಿಕದ ಸ್ಟಾಂಪು ಕಂಡರೆ ಬಿಡಲ್ಲ ಇವರು. ನೆಲದಡಿಯ ಕೋಣೆ, ಬೂಟುಗಳು ಅಂತ ಬಂದಾಗ ಎಲ್ಲರೂ ಟೀವಿ ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಮೇಷ್ಟ್ರು (ನಮ್ಮ ಶಾಲೇಲಿದ್ದರಲ್ಲ, ಅವರೇ, ಈಗ ರಿಟೈರ್ ಆಗಿ ಬೆಳಗ್ಗೆಯಿಂದ ನನ್ನ ಬೆಂಚಲ್ಲೇ ಇರ್ತಾರೆ) ನಕ್ಕುಬಿಟ್ಟರು. 'ನಿಮ್ಮಕ್ಕ ದೊಡ್ಡ ಮನಸ್ಸಿನವಳು ಕಣಯ್ಯಾ. ಇರೋದನ್ನ ಇದೆ ಅಂತ ಬರೆದರೆ ನಮಗೆ ಹೊಟ್ಟೆ ಉರಿಯುತ್ತೆ ಅಂತ ಕಮ್ಮಿ ಮಾಡಿ ಬರೀತಾಳೆ.' ಬೇಕರಿಯವನು, 'ಅಥವಾ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟೇವು ಅಂತ' ಅಂದ. ಅಂಗಡಿ ತುಂಬ ನಗು. ನಾನೂ ನಕ್ಕೆ.

ನನ್ನ ಹತ್ತಿರವಾದರೂ ನಿಜ ಹೇಳಬಹುದಲ್ಲ ಅಕ್ಕಾ? ನಾವು ದಿನಾ ಕಣ್ಣಾರೆ ನೋಡ್ತೀವಿ. ಆ ಧಾರಾವಾಹಿಯಲ್ಲಿ ಕಸ ಗುಡಿಸೋನಿಗೂ ಕಾರಿದೆ. ನೆಲದಡಿಯ ಕೋಣೆ ಅಂದರೆ ಅವರು ಅಲ್ಲಿ ಪಿಂಗ್ ಪಾಂಗ್ ಆಡ್ತಾರೆ.

ಭುಜ ಡಾಕ್ಟರಿಗೆ ತೋರಿಸು. ನಿನಗೇನು, ಆಸ್ಪತ್ರೆ ದಾರೀಲೇ ಇದೆ.

ನಿನ್ನ ತಮ್ಮ


ಮಾರ್ಚ್ ೨೩

ಸಣ್ಣಾ,

ಈ ಕಾಗದವನ್ನು ಅಂಗಡಿಯಲ್ಲಿ ಓದಬೇಡ.

ಭುಜದ ನೋವು ಅಂತ ಬರೆದಿದ್ದೆನಲ್ಲ, ಅದು ಭುಜದ್ದಲ್ಲ. ತಮ್ಮನಿಗೆ ಹೇಗೆ ಬರೆಯುವುದು ಅಂತ ತಡೆದಿದ್ದೆ. ಎದೆಯಲ್ಲಿ, ಕಂಕುಳಿನ ಕಡೆಗೆ, ಒಂದು ಗಂಟಿದೆ. ಮೊದಲು ಸಣ್ಣದಿತ್ತು. ಈಗ ಚರ್ಮ ಎಳೆದುಕೊಂಡ ಹಾಗಾಗಿದೆ. ಜೊತೆಯ ಹುಡುಗಿ ನೋಡಿ ಬಾಯಿ ಮುಚ್ಚಿಕೊಂಡಳು.

ಇಲ್ಲಿ ಕೆಲಸ ಕೊಟ್ಟವರು ವಿಮೆ ಮಾಡಿಸಿದ್ದರೆ ಆಸ್ಪತ್ರೆ. ನಮ್ಮಂಥವರಿಗೆ ಮಾಡಿಸುವುದಿಲ್ಲ. ಎರಡು ಕಡೆ ಫೋನು ಮಾಡಿದೆ. ಇಬ್ಬರೂ ನೋವೇನು ಅಂತ ಕೇಳುವ ಮೊದಲು ವಿಮೆ ಯಾವುದು ಅಂತ ಕೇಳಿದರು. ಬಡವರಿಗೆ ಅಂತ ಒಂದು ದವಾಖಾನೆ ಇದೆ, ಅಲ್ಲಿ ಹೆಸರು ಬರೆಸಿದ್ದೇನೆ. ಸರದಿ ಬೇಸಿಗೆ ಕಳೆದ ಮೇಲೆ ಅಂದರು.

ನಾನು ಬಂದುಬಿಡಲಾ? ಒಮ್ಮೆ ಬಿಟ್ಟರೆ ಮತ್ತೆ ಇಲ್ಲಿಗೆ ಬರುವ ಹಾಗಿಲ್ಲ, ನನ್ನ ಕಾಗದಪತ್ರ ಅಷ್ಟು ಸರಿಯಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಮನೆಯ ಹಿಂದಿನ ಕೋಣೆ ಸಾಕು ನನಗೆ. ನಿಮ್ಮಿಬ್ಬರಿಗೂ ತೊಂದರೆ ಕೊಡುವುದಿಲ್ಲ. ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂರಬೇಕು, ಗೊತ್ತು. ಆದರೆ ಕೂತವರನ್ನು ಯಾವತ್ತಾದರೂ ಒಳಗೆ ಕರೆಯುತ್ತಾರೆ.

ಯೋಚನೆ ಮಾಡಿ ಬರಿ. ಬೇಗ ಬರಿ.

ಅಕ್ಕ


ಏಪ್ರಿಲ್ ೯

ಅಕ್ಕಾ,

ಅಂಗಡೀಲಿ ಓದಲಿಲ್ಲ. ಮನೇಲಿ ಅವಳ ಹತ್ತಿರ ಮಾತ್ರ ಹೇಳಿದೆ. ಇಬ್ಬರಿಗೂ ಊಟ ಸೇರಲಿಲ್ಲ.

ಆದರೆ ಒಂದು ವಿಷಯ ನೇರವಾಗಿ ಹೇಳ್ತೀನಿ, ನೀನು ಹೆದರಿ ತಪ್ಪು ದಾರಿ ಹಿಡೀತಾ ಇದ್ದೀಯ. ಹೆಸರು ಹೇಳದೆ ಮೇಷ್ಟ್ರನ್ನ ಕೇಳಿದೆ, 'ಒಬ್ಬರಿಗೆ ಹೀಗಾಗಿದೆಯಂತೆ, ಏನು ಮಾಡೋದು?'

'ಎಲ್ಲಿದ್ದಾರೆ?' ಅಂದರು.

'ಅಮೆರಿಕದಲ್ಲಿ.'

'ಮತ್ತೆ ಚಿಂತೆ ಯಾಕಯ್ಯಾ? ನಮ್ಮ ಮಂತ್ರಿಗಳು ನೆಗಡಿ ಬಂದರೂ ಅಲ್ಲಿಗೆ ಹೋಗ್ತಾರೆ. ಅಲ್ಲಿದ್ದೋರು ಇಲ್ಲಿಗೆ ಬಂದು ಏನು ನೋಡ್ತಾರೆ?'

ನಿಜ ತಾನೇ? ಇಲ್ಲಿನ ಆಸ್ಪತ್ರೆ ನಿನಗೆ ಗೊತ್ತಿಲ್ಲದ್ದಲ್ಲ. ಅಮ್ಮನನ್ನ ಸೇರಿಸಿದ್ದು, ವಾಪಸ್ ತಂದಿದ್ದು ಎರಡೂ ನೀನೇ.

ಇನ್ನೊಂದು ಮಾತು. ಹೋದ ವಾರ ಧಾರಾವಾಹಿಯಲ್ಲಿ ಥೇಟ್ ನಿನ್ನದೇ ಕಥೆ ಬಂತು. ಹೋಟೆಲಲ್ಲಿ ಪಾತ್ರೆ ತೊಳೆಯೋ ಹೆಂಗಸು. ಹಿಂದೆ ಮುಂದೆ ಯಾರೂ ಇಲ್ಲ. ಎದೇಲಿ ಗಂಟು. ಆಸ್ಪತ್ರೆಯ ಲೆಕ್ಕದವನು ಬಂದು ದುಡ್ಡಿಲ್ಲದೆ ಆಗಲ್ಲ ಅಂದ. ಓಡೋ ಡಾಕ್ಟರು ತನ್ನ ಬಿಳಿ ಕೋಟು ಬಿಚ್ಚಿ ಅವನ ಮೇಜಿನ ಮೇಲೆ ಎಸೆದ, 'ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ!' ನನ್ನ ಕೈಲಿದ್ದ ಕತ್ತಿ ನಿಂತೇಹೋಯ್ತು. ಅಂಗಡಿಯವರೆಲ್ಲ ಚಪ್ಪಾಳೆ ಹೊಡೆದರು. ಕೊನೆಗೆ ಅವಳು ಹೂವಿನ ಗುಚ್ಛ ಹಿಡ್ಕೊಂಡು ಬಾಗಿಲಿಂದ ಆಚೆ ಬಂದಳು. ಅವರೇನು ಇಲ್ಲದ್ದನ್ನ ತೋರಿಸ್ತಾರಾ? ನೀನು ಫೋನಲ್ಲಿ ಕೇಳಿದರೆ ಯಾರೋ ಗುಮಾಸ್ತ ಏನೋ ಹೇಳ್ತಾನೆ. ಸೀದಾ ಹೋಗು. ಡಾಕ್ಟರ ಮುಂದೆ ಒಂದು ಸಲ ಅತ್ತುಬಿಡು. ನೀನು ಯಾರ ಮುಂದೇನೂ ಅಳೋಳಲ್ಲ, ಅದೇ ನಿನ್ನ ತೊಂದರೆ.

ಹಿಂದಿನ ಕೋಣೇಲಿ ಈಗ ಬ್ಯಾಂಕಿನ ಗುಮಾಸ್ತ ಒಬ್ಬ ಬಾಡಿಗೆಗಿದ್ದಾನೆ. ಅದು ದೊಡ್ಡ ವಿಷಯ ಅಲ್ಲ, ಹೇಳಿದರೆ ಬಿಡ್ತಾನೆ. ಆದರೆ ಇಷ್ಟು ವರ್ಷ ಅಲ್ಲಿದ್ದು, ಈಗ ಕಾಯಿಲೆ ಹೊತ್ತುಕೊಂಡು ಬಂದೆ ಅಂದರೆ ಬೀದಿಯವರು ಏನಂತಾರೆ? ನಿನಗೇ ಬೇಜಾರಾಗುತ್ತೆ. ವಾಸಿ ಮಾಡಿಕೊಂಡು ಬಾ. ಒಂದು ತಿಂಗಳು ಇರೋ ಹಾಗೆ ಬಾ. ಬೀದಿಯನ್ನೇ ಕರೆದು ಊಟ ಹಾಕ್ತೀನಿ.

ನಿನ್ನ ತಮ್ಮ


ಏಪ್ರಿಲ್ ೨೮

ಸಣ್ಣಾ,

ಸರಿ. ನೀನು ಹೇಳಿದ ಹಾಗೆ ಇಲ್ಲೇ ಇರುತ್ತೇನೆ.

ಬೇಸಿಗೆ ಶುರುವಾಗಿದೆ. ಕಿಟಕಿಯಲ್ಲಿ ಚಪ್ಪಲಿಗಳು ಓಡಾಡುತ್ತಿವೆ. ಕುರ್ಚಿಗೆ ಈ ತಿಂಗಳು ಕಳಿಸಲಾಗಲಿಲ್ಲ.

ಅಕ್ಕ


ಜೂನ್ ೧೪

ಅಕ್ಕಾ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಕೋಪಾನಾ? ತೋರಿಸಿದೆಯಾ? ಡಾಕ್ಟರು ಏನಂದ? ಅತ್ತೆಯಾ?

ಇಲ್ಲಿ ಎಲ್ಲ ಹಾಗೇ ಇದೆ. ಕುರ್ಚಿಯ ಕಾಲು ಕೊನೆಗೂ ಮುರೀತು, ಮೇಷ್ಟ್ರು ಕೂತಿದ್ದಾಗಲೇ. ಪುಣ್ಯಕ್ಕೆ ಕತ್ತಿ ನನ್ನ ಕೈಲಿರಲಿಲ್ಲ. ಈಗ ಬೆಂಚಿನ ಮೇಲೆ ಕೂರಿಸಿ ಕತ್ತರಿಸ್ತೀನಿ. ಮನೇಲಿ ಅವಳು ದಿನಾ ಕೇಳ್ತಾಳೆ, 'ಅಕ್ಕನ ಕಾಗದ ಬಂತಾ' ಅಂತ. ನಾನು, 'ದೊಡ್ಡ ಆಸ್ಪತ್ರೆ, ಪರೀಕ್ಷೆ ಎಲ್ಲ ಮಾಡ್ತಾ ಇರ್ತಾರೆ, ಬರೆಯೋಕೆ ಬಿಡುವಿರಲ್ಲ' ಅಂತೀನಿ. ಹಾಗೇ ಇರಬೇಕು, ಅಲ್ಲವಾ?

ಒಂದು ಸಾಲು ಬರಿ. ಏನು ಬೇಕಾದರೂ ಬರಿ.

ನಿನ್ನ ತಮ್ಮ


ಜುಲೈ ೧೮

ಪ್ರೀತಿಯ ಸಣ್ಣಾ,

ಕೋಪವಿಲ್ಲ. ಎಡಗೈ ಊದಿಕೊಂಡು ಕಾಗದ ಹಿಡಿದಿಟ್ಟುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೇ. ಇದನ್ನು ಸ್ವಲ್ಪ ಸ್ವಲ್ಪವೇ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಹೋಗಿದ್ದೆ. ಬಟ್ಟೆ ಮಡಚುತ್ತಿರುವಾಗ ಬಿದ್ದುಬಿಟ್ಟೆ. ಹುಡುಗಿ ಗಾಬರಿಯಾಗಿ ತುರ್ತು ವಿಭಾಗಕ್ಕೆ ಕರಕೊಂಡು ಹೋದಳು. ಅಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ, ಅದು ನಿಜ. ಪ್ಲಾಸ್ಟಿಕ್ ಕುರ್ಚಿಗಳ ಒಂದು ದೊಡ್ಡ ಕೋಣೆ. ಬೆಳಗ್ಗೆ ಕೂತವರು ಕತ್ತಲಾದರೂ ಅಲ್ಲೇ ಇದ್ದೆವು. ನನ್ನ ಪಕ್ಕ ಒಬ್ಬ ಗಂಡಸು, ಕಾಲಿಗೆ ಟವೆಲು ಸುತ್ತಿಕೊಂಡಿದ್ದ. ಅವನೂ ಇದೇ ದೇಶದವನು, ಇಲ್ಲೇ ಹುಟ್ಟಿದವನು. ಅವನಿಗೂ ವಿಮೆ ಇರಲಿಲ್ಲ. ನನಗಿಂತ ಅವನೇ ಹೆಚ್ಚು ಹೆದರಿದ್ದ.

ಗೋಡೆಯ ಮೇಲೆ ಟೀವಿ ಇತ್ತು. ನಿಮ್ಮ ಧಾರಾವಾಹಿ ಬಂತು ಸಣ್ಣಾ. ನೀನು ಹೇಳಿದ ಓಟದಿಂದಲೇ ಗುರುತು ಸಿಕ್ಕಿತು. ಅವನ ನಿಜವಾದ ದನಿ ಗಡಸಲ್ಲ, ಕೀಚಲು. ಕೂತವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಅವನು ಯಾರನ್ನೋ ಉಳಿಸಿದ. ನನ್ನ ಪಕ್ಕದವನು ಕಣ್ಣು ಒರೆಸಿಕೊಂಡ. ನಾನು ಅವನನ್ನು ನೋಡಿದೆ, ಟೀವಿಯನ್ನು ನೋಡಿದೆ. ನಿನ್ನ ಮೇಲೆ ಇದ್ದ ಬೇಜಾರು ಆಗ ಹೋಯಿತು. ಇಲ್ಲೇ ಕೂತವರೇ ನಂಬುವಾಗ ನೀನು ಹೇಗೆ ನಂಬದೆ ಇರುತ್ತೀಯ?

ನನ್ನನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣ ಕೆಳಗೆ ಕಪ್ಪು. ಒಳ್ಳೆಯ ಹುಡುಗಿ, ಓಡಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ ಅವಳಿಗೆ. ಚಿತ್ರ ತೆಗೆಸಿ ನೋಡಿ, ಕಾಯಿಲೆ ಬೆನ್ನುಮೂಳೆಗೂ ಹೋಗಿದೆ ಎಂದಳು. 'ಮೊದಲೇ ಯಾಕೆ ಬರಲಿಲ್ಲ?' ಎಂದಳು. ಆಮೇಲೆ ತಾನೇ ತಲೆ ತಗ್ಗಿಸಿದಳು. ನೋವಿಗೆ ಮಾತ್ರೆ ಕೊಟ್ಟು, ದೊಡ್ಡ ಡಾಕ್ಟರ ಫೋನು ನಂಬರು ಬರೆದುಕೊಟ್ಟು ಕಳಿಸಿದಳು. ಆ ನಂಬರಿಗೆ ನಾನು ಮಾರ್ಚಿನಲ್ಲೇ ಮಾಡಿದ್ದೆ.

ನೀನು ಹೇಳಿದೆ ಅಂತ ಅಳಲು ನೋಡಿದೆ. ಬರಲಿಲ್ಲ.

ಅಕ್ಕ


ಆಗಸ್ಟ್ ೩

ಅಕ್ಕಾ,

ಹೊರಟು ಬಾ. ಈ ಕಾಗದ ಕೈಗೆ ಸಿಕ್ಕಿದ ದಿನವೇ ಹೊರಡು. ಗುಮಾಸ್ತನನ್ನ ಬಿಡಿಸಿದ್ದೀನಿ, ಕೋಣೆಗೆ ನಾನೇ ಸುಣ್ಣ ಹೊಡೆದೆ. ಮಂಚ ಕಿಟಕಿ ಪಕ್ಕ ಹಾಕಿದ್ದೀನಿ. ನೆಲದ ಮೇಲಿನ ಕಿಟಕಿ ಅಕ್ಕಾ, ಜನ ಪೂರ್ತಿ ಕಾಣ್ತಾರೆ. ಆಸ್ಪತ್ರೆಯ ಬೆಂಚಲ್ಲಿ ನಿನ್ನ ಬದಲು ನಾನು ಕೂರ್ತೀನಿ. ಅಂಗಡಿ ಮುಚ್ಚಿ ಕೂರ್ತೀನಿ. ಬೀದಿಯವರು ಏನಾದರೂ ಅಂದುಕೊಳ್ಳಲಿ.

ನಿಮ್ಮ ಹೋಟೆಲಿಗೆ ಫೋನು ಮಾಡಿದ್ದೆ. ಯಾರೋ ಎತ್ತಿದರು, ನನಗೆ ಅವರ ಮಾತು ತಿಳೀಲಿಲ್ಲ, ಅವರಿಗೆ ನನ್ನದು. 'ಅಕ್ಕ, ಅಕ್ಕ' ಅಂದೆ. ಇಟ್ಟುಬಿಟ್ಟರು.

ಟಿಕೆಟ್ಟಿಗೆ ಏನು ಮಾಡಬೇಕೋ ಅದನ್ನ ನಾನು ಮಾಡ್ತೀನಿ. ನೀನು ಬಾ, ಸಾಕು.

ನಿನ್ನ ಸಣ್ಣ


ಆಗಸ್ಟ್ ೩೦

ಅಣ್ಣಾ, ನಮಸ್ಕಾರ.

ನಾನು ನಿಮ್ಮಕ್ಕನ ಜೊತೆ ಕೋಣೆಯಲ್ಲಿದ್ದವಳು. ಹೇಗೆ ಬರೆಯಬೇಕೋ ಗೊತ್ತಾಗ್ತಾ ಇಲ್ಲ. ಅಕ್ಕ ಇಪ್ಪತ್ತೊಂದನೇ ತಾರೀಕು ಮಧ್ಯಾಹ್ನ ತೀರಿಕೊಂಡರು. ಇಲ್ಲೇ, ಕೋಣೆಯಲ್ಲೇ. ಆಸ್ಪತ್ರೆಗೆ ಹೋಗೋಣ ಅಂದರೆ ಬೇಡ ಅಂದರು. ನಾನು ಕೆಲಸಕ್ಕೆ ರಜಾ ಹಾಕಿ ಪಕ್ಕದಲ್ಲೇ ಇದ್ದೆ. ಒಬ್ಬರೇ ಇರಲಿಲ್ಲ, ಅಷ್ಟರಮಟ್ಟಿಗೆ ಧೈರ್ಯ ತಂದುಕೊಳ್ಳಿ.

ನಿಮ್ಮ ಕಾಗದ ಬಂದಾಗ ಎಚ್ಚರ ಇತ್ತು. ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಪಾಪ, ಆ ಗುಮಾಸ್ತನ್ನ ಯಾಕೆ ಬಿಡಿಸಿದ' ಅಂದರು.

ಊರಿಗೆ ಕಳಿಸೋದು ನಮ್ಮ ಕೈಲಾಗಲಿಲ್ಲ. ಹೋಟೆಲಲ್ಲಿ ಎಲ್ಲರೂ ಸೇರಿ ದುಡ್ಡು ಕೂಡಿಸಿ ನೋಡಿದೆವು, ಸಾಲಲಿಲ್ಲ. ನಗರಸಭೆಯವರೇ ಮಣ್ಣು ಮಾಡಿದರು. ಮೇಲಿನ ಮನೆಯ ಅಜ್ಜಿ ಕೋಲು ಊರಿಕೊಂಡು ಬಂದಿದ್ದರು. ಅಕ್ಕನ ಬಟ್ಟೆ, ಕನ್ನಡಕ ನನ್ನ ಹತ್ತಿರ ಇದೆ. ಏನು ಮಾಡಲಿ ಹೇಳಿ.

ಕ್ಷಮಿಸಿ ಅಣ್ಣಾ.

ಅಕ್ಕನ ಜೊತೆಯವಳು


ಅಕ್ಟೋಬರ್ ೧೭

ತಂಗೀ,

ತಡವಾಗಿ ಬರೀತಾ ಇದ್ದೀನಿ. ಬಟ್ಟೆ ನೀನೇ ಉಟ್ಟುಕೋ. ಕನ್ನಡಕ ಯಾರಿಗಾದರೂ ಆದೀತು. ನೀನು ಮಾಡಿದ್ದನ್ನ ನಾನು ಮಾಡಬೇಕಿತ್ತು.

ಇಲ್ಲಿ ನಡೆದದ್ದು ಹೇಳ್ತೀನಿ. ಬೇರೆ ಯಾರ ಹತ್ತಿರ ಹೇಳಲಿ? ನಿನ್ನ ಕಾಗದ ಬಂದ ದಿನ ಟೀವಿ ಇಳಿಸಿ ಒಳಗಿಟ್ಟೆ. ಬಂದವರು ಯಾಕೆ ಅಂದರು. ಅಕ್ಕ ಹೋದಳು, ಹೀಗೆ ಹೋದಳು ಅಂದೆ. ಅಯ್ಯೋ ಅಂದರು. ಬೇಕರಿಯವನು ಅತ್ತುಬಿಟ್ಟ. ಆದರೆ ಮೇಷ್ಟ್ರು, 'ಬೇರೆ ಆಸ್ಪತ್ರೆಗೆ ಹೋಗಬೇಕಿತ್ತು ಕಣಯ್ಯಾ, ಅಷ್ಟು ದೊಡ್ಡ ದೇಶದಲ್ಲಿ ಇನ್ನೊಂದು ಸಿಗಲಿಲ್ಲವಾ?' ಅಂದರು. 'ಎಲ್ಲಾ ಕಡೆ ಹಾಗೇ ಮೇಷ್ಟ್ರೇ' ಅಂದೆ. 'ನೀನೇನು ಹೋಗಿ ನೋಡಿದ್ದೀಯಾ?' ಅಂದರು. ನೋಡಿಲ್ಲ. ಅವರು ದಿನಾ ನೋಡ್ತಾರೆ.

ಹದಿನೈದು ದಿನದಲ್ಲಿ ಗಿರಾಕಿಗಳೆಲ್ಲ ತಿರುವಿನ ಅಂಗಡಿಗೆ ಹೋದರು. ಅಲ್ಲಿ ಟೀವಿ ಇದೆ. ಮೇಷ್ಟ್ರೂ ಅಲ್ಲೇ ಕೂರ್ತಾರೆ ಈಗ. ನನ್ನ ಹೆಂಡತಿ ಟೀವಿ ತಂದು ಮತ್ತೆ ಹಲಗೆ ಮೇಲಿಟ್ಟಳು. ನಾನು ಬೇಡ ಅನ್ನಲಿಲ್ಲ.

ಹೋದ ವಾರ ಗಡಿಯಾರ ರಿಪೇರಿಯವನೊಬ್ಬ ಬಂದ. ಬೇರೆ ಬೀದಿಯವನು, ನನ್ನ ವಿಷಯ ಗೊತ್ತಿಲ್ಲ. ಮುಖಕ್ಕೆ ನೊರೆ ಹಚ್ಚಿದ್ದೆ. ಟೀವಿ ನೋಡ್ತಾ ನೋಡ್ತಾ, 'ನನ್ನ ಮಗಳೂ ಮುಂದಿನ ತಿಂಗಳು ಅಲ್ಲಿಗೆ ಹೋಗ್ತಾಳೆ. ಒಂದು ಮನೇಲಿ ಮಕ್ಕಳನ್ನ ನೋಡಿಕೊಳ್ಳೋ ಕೆಲಸ. ಅವಳಿಗೆ ಉಬ್ಬಸ ಇದೆ. ಆದರೆ ಅಲ್ಲಿ ಆ ಭಯ ಇಲ್ಲವಲ್ಲ' ಅಂದ.

ಕಳಿಸಬೇಡಿ ಅಂದೆ. ನಕ್ಕ. ಎಲ್ಲಾ ಹೇಳಿದೆ ತಂಗೀ, ಗಂಟಿಂದ ಹಿಡಿದು ನಗರಸಭೆಯವರೆಗೆ. ಹೇಳ್ತಾ ಹೇಳ್ತಾ ನನ್ನ ದನಿ ಏರಿರಬೇಕು, ಕತ್ತಿ ಕೈಲೇ ಇತ್ತು. ಅವನು ಎದ್ದು ನಿಂತ. 'ನಿಮ್ಮಕ್ಕನಿಗೆ ಆಯಸ್ಸಿರಲಿಲ್ಲ, ಅದಕ್ಕೆ ನನ್ನ ಮಗಳ ದಾರಿಗೆ ಯಾಕೆ ಅಡ್ಡ ಬರ್ತೀರಿ?' ಅಂದ. ಅರ್ಧ ಮುಖದಲ್ಲಿ ನೊರೆ ಹಾಗೇ ಇಟ್ಟುಕೊಂಡು ಬೀದಿಗಿಳಿದು ತಿರುವಿನ ಅಂಗಡಿಗೆ ಹೋದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನನ್ನ ಬೈಯೋಕೆ ಬಾಯಿ ಬರಲಿಲ್ಲ. ಏಪ್ರಿಲ್‌ನಲ್ಲಿ ಯಾರಾದರೂ ನನಗೆ ಹೇಳಿದ್ದರೆ ನಾನೂ ಹಾಗೇ ಎದ್ದು ಹೋಗ್ತಿದ್ದೆ.

ಆ ಹುಡುಗಿ ಬರ್ತಾ ಇರೋದು ನೀವಿರೋ ಊರಿಗೇ ಅಂತೆ. ತುಂಬಾ ಸಣ್ಣವಳು. ಯಾವತ್ತಾದರೂ ಎದುರಾದರೆ, ನಮ್ಮ ಭಾಷೆ ಕೇಳಿಸಿದರೆ, ಸ್ವಲ್ಪ ಮಾತಾಡಿಸು. ಆಸ್ಪತ್ರೆಯ ವಿಷಯ ಎತ್ತಬೇಡ. ನೀನು ಹೇಳಿದರೂ ಅವಳು ನಂಬಲ್ಲ. ಊಟ ಆಯ್ತಾ ಅಂತ ಕೇಳು, ಸಾಕು.

ನಿನ್ನ ಅಣ್ಣ